ನಿಂತ ತೊಟ್ಟಿ ಮಲಗಿದ್ದು

ಸಮುದ್ರದ ಮೀನು ಸಾಕಲು ಎಷ್ಟು ದೊಡ್ಡ ತೊಟ್ಟಿ ಬೇಕು, ಅದರ ಆಕಾರ ಹೇಗಿರಬೇಕು ಎಂದು ನವಲಗುಂದದಲ್ಲಿ ಯಾರೂ ಯಾರನ್ನೂ ಕೇಳುವ ಕಾರಣವಿರಲಿಲ್ಲ. ಸಮುದ್ರ ನಮ್ಮಿಂದ ಬಹಳ ದೂರ. ಊರಿನ ಅರ್ಧ ಜನ ಅದನ್ನು ನೋಡಿರಲಿಲ್ಲ. ಉಳಿದವರು ಗೋಕರ್ಣಕ್ಕೆ ಹೋದಾಗ ನೋಡಿ, ಕಾಲು ತೋಯಿಸಿಕೊಂಡು, ಇಷ್ಟೊಂದು ನೀರಿದ್ದೂ ಒಂದು ಗುಟುಕು ಕುಡಿಯಲು ಬರುವುದಿಲ್ಲವಲ್ಲ ಎಂದು ಮರುಗಿ ಬಂದಿದ್ದರು. ಹೀಗಿದ್ದೂ ಆ ಪ್ರಶ್ನೆ ನಮ್ಮ ಹೈಸ್ಕೂಲಿನ ಆಡಳಿತ ಕಮಿಟಿಯ ಮುಂದೆ ಬಂತು. ಉತ್ತರ ಹೇಳುವ ಭಾರ ನನ್ನ ಮೇಲೆ ಬಿತ್ತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಎಲ್ಲಿಯಾದರೂ ತಪ್ಪಿದ್ದರೆ ತಿಳಿದವರು ತಿದ್ದಬೇಕು.

ನಾನು ಆ ಹೈಸ್ಕೂಲಿನ ಗುಮಾಸ್ತ. ಹೆಸರು ಏಕನಾಥ. ಹಗಲು ಕೆಲಸ ಮಾಡಿ, ಸಂಜೆ ಬಸ್ಸು ಹಿಡಿದು ಹುಬ್ಬಳ್ಳಿಯ ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದವನು. ನನ್ನ ವಿಷಯ ಇತಿಹಾಸ. ಆದರೆ ನಮ್ಮ ಊರಿನಲ್ಲಿ ಬಿ.ಎ. ಎಂದರೆ ಬಿ.ಎ.; ಅದರೊಳಗೆ ಏನಿದೆ ಎಂದು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ನನ್ನ ನೌಕರಿ ಹಂಗಾಮಿ. ಅದನ್ನು ಕಾಯಂ ಮಾಡುವ ವಿಷಯ ಪ್ರತಿ ಸಭೆಗೂ ಬರುತ್ತಿತ್ತು, ಪ್ರತಿ ಸಭೆಯಿಂದಲೂ ಮುಂದಿನ ಸಭೆಗೆ ಹೋಗುತ್ತಿತ್ತು.

ಗುಡಗೇರಿ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲಾರ್ಕ್ ಆಗಿದ್ದ ಬಾಳಕೃಷ್ಣರಾಯರು ತಮ್ಮ ಮಗಳು ವತ್ಸಲಾಳನ್ನು ನನಗೆ ಕೊಡಲು ಒಪ್ಪಿದ್ದರು. ಅವರದು ಒಂದೇ ಷರತ್ತು: ನೌಕರಿ ಕಾಯಂ ಆಗಬೇಕು. ರೇಲ್ವೆಯವರಿಗೆ ಹಂಗಾಮಿ ಎಂಬುದು ಒಂದು ಕಾಯಿಲೆಯ ಹೆಸರಿನಂತೆ ಕೇಳಿಸುತ್ತದೆ. ನಾನು ವತ್ಸಲಾಳನ್ನು ನೋಡಿದ್ದು ಒಂದೇ ಸಲ. ಉಪ್ಪಿಟ್ಟಿನ ತಾಟು ಇಟ್ಟು ಒಳಗೆ ಹೋಗುವಾಗ ಹೊಸ್ತಿಲ ಮೇಲೆ ನಿಂತು ತಿರುಗಿ ನೋಡಿದ್ದಳು. ನನ್ನನ್ನು ನೋಡಿದಳೋ, ನನ್ನ ಹಿಂದಿನ ಗೋಡೆಯ ಗಡಿಯಾರವನ್ನು ನೋಡಿದಳೋ ಖಾತ್ರಿಯಾಗಿ ಹೇಳಲಾರೆ. ಆದರೆ ಅಂದಿನಿಂದ ನನಗೆ ಕಾಯಂ ಆಗುವ ಅವಸರ ಹೆಚ್ಚಾಗಿತ್ತು.

ರಾಜ್ಯದ ಹೆಸರು ಬದಲಾಗಿ, ಶಾಲೆಯ ಬೋರ್ಡಿನ ಮೇಲೆ ಹೊಸ ಹೆಸರು ಬರೆಸಿದ ವರ್ಷ ಅದು. ಕಮಿಟಿಯ ಚೇರ್ಮನ್ನರಾದ ಮಡಿವಾಳೆಪ್ಪಗೌಡರು ಕಾರವಾರದಲ್ಲಿದ್ದ ಮಗಳ ಮನೆಗೆ ಹೋಗಿ ಬಂದರು. ಅಲ್ಲಿ ಅಳಿಯ ಯಾರೋ ಸಾಹೇಬರ ಬಂಗಲೆಗೆ ಕರೆದುಕೊಂಡು ಹೋಗಿ, ಗಾಜಿನ ಪೆಟ್ಟಿಗೆಯಲ್ಲಿ ಜೀವಂತ ಸಮುದ್ರದ ಮೀನು ತೋರಿಸಿದ್ದ. ಗೌಡರು ಜನ್ಮದಲ್ಲಿ ಮೀನು ಮುಟ್ಟಿದವರಲ್ಲ. ಆದರೆ ನೋಡಿದ ಮೇಲೆ ಅವರಿಗೆ ನಿದ್ದೆ ಹತ್ತಲಿಲ್ಲವಂತೆ. ತಮ್ಮ ತಂದೆ ಲಿಂಗೈಕ್ಯ ಹೊಳಬಸಪ್ಪಗೌಡರ ನೆನಪಿಗೆ ಹೈಸ್ಕೂಲಿಗೆ ವಿಜ್ಞಾನದ ಕೋಣೆ ಕಟ್ಟಿಸುತ್ತಿದ್ದರು. ಅದರಲ್ಲಿ ಇಂಥದೊಂದು ಇದ್ದರೆ ಇಡೀ ತಾಲೂಕಿನಲ್ಲಿ ಮತ್ತೊಂದು ಇರುವುದಿಲ್ಲ ಎಂದು ಸಭೆಯಲ್ಲಿ ಹೇಳಿದರು. ಯಾರೂ ಎದುರಾಡಲಿಲ್ಲ. ಅದು ನಿಜವೂ ಆಗಿತ್ತು.

ಆಮೇಲೆ ಗೌಡರು ಸುತ್ತ ನೋಡಿ, ಮೂಲೆಯಲ್ಲಿ ಸಭೆಯ ನಿರ್ಣಯದ ಠರಾವು ಬರೆಯುತ್ತ ಕುಳಿತಿದ್ದ ನನ್ನ ಮೇಲೆ ಕಣ್ಣು ನಿಲ್ಲಿಸಿದರು.

“ಏಕನಾಥ, ನೀ ಬಿ.ಎ. ಮಾಡೀಯಲ್ಲ. ಸಮುದ್ರದ್ದು ಓದೀಯೇನು?”

“ಓದೀನ್ರಿ,” ಎಂದೆ.

ನಾನು ಓದಿದ್ದು ಪೋರ್ತುಗೀಜರ ಹಡಗುಗಳು ಬಂದ ಸಂಗತಿ. ಅದನ್ನು ವಿವರಿಸುವಷ್ಟರಲ್ಲಿ ಗೌಡರು ಮುಂದಿನ ವಿಷಯಕ್ಕೆ ಹೋಗಿದ್ದರು. ತೊಟ್ಟಿಯ ಗಾತ್ರ ಮತ್ತು ಆಕಾರವನ್ನು ಗುಮಾಸ್ತರು ನಿಶ್ಚಯಿಸಿ ವರದಿ ಮಾಡಬೇಕು ಎಂದು ನನ್ನ ಕೈಯಿಂದಲೇ ಬರೆಸಲಾಯಿತು. ಕಾಯಂ ವಿಷಯ ತೊಟ್ಟಿ ಆದ ಮೇಲೆ ಎಂದರು.

ಹುಬ್ಬಳ್ಳಿಯ ಸಂಜೆ ಕಾಲೇಜಿನ ಗ್ರಂಥಪಾಲಕರಿಗೆ ನನ್ನ ಗುರುತಿತ್ತು. ಅವರು ಕಪಾಟಿನ ತಳದಿಂದ ಮೀನು ಸಾಕುವುದರ ಮೇಲಿನ ಒಂದು ಇಂಗ್ಲಿಷ್ ಪುಸ್ತಕ ತೆಗೆದು, ಧೂಳು ಊದಿ, ಇದನ್ನು ಕೇಳಿದವರಲ್ಲಿ ನೀವೇ ಮೊದಲಿಗರು ಎಂದರು. ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದೆ. ತಪ್ಪು ತಿಳಿದಿರಬಹುದೆಂದು ಮತ್ತೊಮ್ಮೆ ಓದಿದೆ. ಮೀನು ನೀರಿನಲ್ಲಿದ್ದರೂ ಅದಕ್ಕೆ ಗಾಳಿ ಬೇಕು. ಆ ಗಾಳಿ ನೀರಿನ ಮೇಲ್ಭಾಗದಿಂದ ಒಳಗಿಳಿಯುತ್ತದೆ. ಆದ್ದರಿಂದ ತೊಟ್ಟಿ ಎತ್ತರವಾಗಿರದೆ ಉದ್ದಗಲವಾಗಿರಬೇಕು. ಉಪ್ಪುನೀರು ಸಿಹಿನೀರಿನಷ್ಟು ಗಾಳಿ ಹಿಡಿಯುವುದಿಲ್ಲ. ಸಣ್ಣ ತೊಟ್ಟಿಯ ನೀರು ಬೇಗ ಕೆಡುತ್ತದೆ, ಸ್ವಲ್ಪ ಆರಿದರೂ ಉಪ್ಪು ಏರುತ್ತದೆ. ಆದ್ದರಿಂದ ಆದಷ್ಟು ದೊಡ್ಡದಿರಬೇಕು. ದುಂಡು ಪಾತ್ರೆ ಕೂಡದು. ಉದ್ದ ಐದು ಫೂಟು, ಅಗಲ ಎರಡು, ಎತ್ತರ ಒಂದೂವರೆ ಇದ್ದರೆ ಉತ್ತಮ.

ಮನೆಗೆ ಬಂದು ನಮ್ಮ ತಾಯಿ ದ್ವಾರಕಾಬಾಯಿಯವರಿಗೆ ತಿಳಿಸಿ ನೋಡಿದೆ. ಯಾವುದೇ ಸಂಗತಿ ಅವರಿಗೆ ಅರ್ಥವಾದರೆ ಲೋಕಕ್ಕೆಲ್ಲ ಅರ್ಥವಾಗುತ್ತದೆ. ಬಿಸಿ ಹಾಲನ್ನು ಚರಿಗೆಯಲ್ಲಿಟ್ಟರೆ ಬೇಗ ಆರುವುದಿಲ್ಲ, ಅಗಲ ತಟ್ಟೆಯಂಥ ಪರಾತಕ್ಕೆ ಸುರಿದರೆ ಆರುತ್ತದೆ, ಏಕೆಂದರೆ ಗಾಳಿ ಹೆಚ್ಚು ತಾಗುತ್ತದೆ. ಹಾಗೆಯೇ ಮೀನಿಗೂ ಪರಾತದಂಥ ತೊಟ್ಟಿ ಬೇಕು ಎಂದೆ. ತಾಯಿ ಎಲ್ಲವನ್ನೂ ಕೇಳಿ, ಮನೆಯ ಪರಾತವನ್ನು ಎತ್ತಿ ದೇವರ ಕೋಣೆಯೊಳಗಿಟ್ಟು ಬಾಗಿಲು ಹಾಕಿಕೊಂಡರು.

ಸಭೆಯಲ್ಲಿ ಎರಡೂ ಕೈ ಚಾಚಿ ಉದ್ದ ತೋರಿಸಿದೆ, ಅಗಲ ತೋರಿಸಿದೆ, ಕೊನೆಗೆ ಬಾಗಿ ಮೊಣಕಾಲಿನ ಹತ್ತಿರ ಕೈ ಹಿಡಿದು ಎತ್ತರ ತೋರಿಸಿದೆ. ಗೌಡರು ನನ್ನ ಕೈಗೂ ನೆಲಕ್ಕೂ ನಡುವಿನ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು.

“ಇದು ನಮ್ಮ ಎತ್ತು ನೀರು ಕುಡಿಯೋ ಬಾನಿ ಐತಲ್ಲೋ,” ಎಂದರು. “ನಮ್ಮಪ್ಪ ಆರು ಫೂಟಿನ ಆಳು. ಆತ ಬಂದಾ ಅಂದ್ರ ಮಂದಿ ತಲಿ ಎತ್ತಿ ನೋಡ್ತಿದ್ರು. ಆತನ ಹೆಸರಿನ ತೊಟ್ಟಿ ಮೊಣಕಾಲಿನ ಮಟ ಇರಬೇಕಂತಿ?”

ಎತ್ತರ ಐದು ಫೂಟು ಇರಬೇಕೆಂದೂ, ಹಿಂದೆ ಕುಳಿತವರಿಗೂ ಕಾಣಬೇಕೆಂದೂ ಅವರು ಹೇಳಿದರು. ಆಗ ಹೆಡ್‌ಮಾಸ್ತರರಾದ ದಿನಕರರಾಯರು ಗಂಟಲು ಸರಿಪಡಿಸಿಕೊಂಡರು. ಅವರ ಅಭಿಪ್ರಾಯದಲ್ಲಿ ಎತ್ತರ ಎಷ್ಟಾದರೂ ಇರಲಿ, ತೊಟ್ಟಿ ದುಂಡಗೆ ಇರಬೇಕು.

“ಮೂಲೀ ಇರಬಾರದ್ರಿ. ಮೂಲೀ ಇತ್ತಂದ್ರ ಹೋಗಿ ಅಲ್ಲೇ ಕೂತುಬಿಡ್ತಾವ. ಮುಂದ ಬರೂದ ಇಲ್ಲ. ನನ್ನ ಸರ್ವೀಸೆಲ್ಲಾ ಇದನ್ನ ನೋಡೇನಿ.”

ಅವರು ಹೇಳುತ್ತಿದ್ದುದು ಹುಡುಗರ ವಿಷಯ ಎಂದು ನನಗನ್ನಿಸಿತು. ಕೇಳುವ ಧೈರ್ಯ ಆಗಲಿಲ್ಲ. ಚರ್ಚೆ ಕಾವೇರಿತು. ಎತ್ತರದವರು ಒಂದು ಕಡೆ, ದುಂಡನೆಯವರು ಒಂದು ಕಡೆ ಆದರು. ಉದ್ದಗಲದ ಕಡೆಗೆ ಪುಸ್ತಕ ಒಂದೇ ಇತ್ತು, ಅದು ನನ್ನ ಕಂಕುಳಲ್ಲಿತ್ತು. ಕೊನೆಗೆ ಎರಡೂ ಕಡೆಯವರು ಒಟ್ಟಿಗೆ ನನ್ನ ಕಡೆ ತಿರುಗಿ, ಓದಿದವ ನೀನು, ನಿನ್ನದೇನು ಅಭಿಪ್ರಾಯ ಎಂದು ಕೇಳಿದರು.

“ಎರಡೂ ಸರಿ ಅದಾವ್ರಿ,” ಎಂದೆ.

ಹೀಗೆ ಒಮ್ಮತವಾಯಿತು. ಎತ್ತರ ಐದು ಫೂಟು, ಉದ್ದ ಎರಡು, ಅಗಲ ಒಂದೂವರೆ. ಪುಸ್ತಕದಲ್ಲಿದ್ದ ಅಂಕಿಗಳೇ, ನಿಂತ ರೀತಿ ಮಾತ್ರ ಬೇರೆ. ತಳ, ಹಿಂಬದಿ, ಎರಡು ಪಕ್ಕ ಫರಸಿ ಕಲ್ಲಿನವು, ಮುಂದೆ ಗಾಜು, ಮೇಲೊಂದು ಕಲ್ಲಿನ ಮುಚ್ಚಳ. ಹೆಡ್‌ಮಾಸ್ತರರ ಸೂಚನೆಯನ್ನೂ ಮನ್ನಿಸಿ, ಮುಚ್ಚಳದ ಮೇಲೆ ಹಿಡಿಯಲು ಒಂದು ದುಂಡನೆಯ ಗುಬುಟು ಮಾಡಿಸುವುದೆಂದು ನಿಶ್ಚಯವಾಯಿತು. ಅವರು ಅದನ್ನು ಗಂಭೀರವಾಗಿ ಸ್ವೀಕರಿಸಿದರು.

ಇನ್ನು ನೀರಿನ ಪ್ರಶ್ನೆ. ಈ ತೊಟ್ಟಿಗೆ ಮೂವತ್ತು ಕೊಡಕ್ಕೂ ಹೆಚ್ಚು ನೀರು ಹಿಡಿಯುತ್ತದೆ ಎಂಬ ಸುದ್ದಿ ಹೊರಬಿದ್ದ ಮರುದಿನವೇ ಪಕ್ಕದ ಓಣಿಯ ರೇವವ್ವ ಖಾಲಿ ಕೊಡ ಸಮೇತ ಶಾಲೆಗೆ ಬಂದು, ಕೆರೆಯ ನೀರಿಗೆ ಕೈ ಹಚ್ಚಿದರೆ ತಾನೇ ಹೋಗಿ ತೊಟ್ಟಿಯಲ್ಲಿ ಕೂಡುವುದಾಗಿ ಹೇಳಿದಳು. ಬೇಸಿಗೆಯಲ್ಲಿ ಒಂದು ಕೊಡ ಸಿಹಿನೀರಿಗೆ ಅವಳು ಎಷ್ಟು ದೂರ ಹೋಗುತ್ತಾಳೆ ಎಂದು ಎಲ್ಲರಿಗೂ ಗೊತ್ತು. ಆಗ ಗೌಡರಿಗೆ ಶಾಲೆಯ ಹಿಂದಿನ ಸವಳು ಬಾವಿ ಹೊಳೆಯಿತು. ಅದರ ನೀರು ಉಪ್ಪು. ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ತೋಡಿಸಿದವರನ್ನು ಊರು ಇಂದಿಗೂ ನೆನೆಸಿ ಬೈಯುತ್ತದೆ. ತೋಡಿಸಿದವರು ಗೌಡರ ತಂದೆಯೇ. ನಮ್ಮಪ್ಪ ಇದನ್ನು ಮೀನಿನ ಸಲುವಾಗಿಯೇ ತೋಡಿಸಿರಬೇಕು, ನಮಗೆ ತಿಳಿಯಲಿಲ್ಲ ಎಂದು ಗೌಡರು ಹೇಳಿದಾಗ ಅವರ ಕಣ್ಣು ತೇವವಾಗಿತ್ತು.

ಬಾವಿಯ ಉಪ್ಪು ಸಮುದ್ರದ ಉಪ್ಪಿನಷ್ಟೇ ಇದೆಯೋ ಎಂದು ನನಗೆ ಸಂಶಯ. ಕಾರವಾರದ ಅಳಿಯನಿಂದ ಒಂದು ಬಾಟಲಿ ಸಮುದ್ರದ ನೀರು ತರಿಸಿದರು. ಕಮಿಟಿಯವರೆಲ್ಲ ಸಾಲಾಗಿ ನಿಂತರು. ಹೆಡ್‌ಮಾಸ್ತರರು ಚಮಚದಿಂದ ಅಂಗೈಗೆ ಮೊದಲು ಸಮುದ್ರ, ಆಮೇಲೆ ಬಾವಿ ಎಂದು ಹಾಕುತ್ತ ಹೋದರು. ಎಲ್ಲರೂ ಕುಡಿದು, ರೂಢಿಯಂತೆ ಒದ್ದೆ ಕೈಯನ್ನು ತಲೆಗೆ ಒರಸಿಕೊಂಡು, ಆಮೇಲೆ ಮುಖ ಹಿಂಡಿದರು. ಸಮುದ್ರ ಹೆಚ್ಚು ಉಪ್ಪು, ಬಾವಿ ಹೆಚ್ಚು ಕಹಿ ಎಂದು ಅಭಿಪ್ರಾಯ ಬಂತು. ಎಷ್ಟು ಹೆಚ್ಚು ಎಂಬುದು ನಾಲಿಗೆಗೆ ತಿಳಿಯಲಿಲ್ಲ.

ಶಾಲೆಯ ಬೋರ್ಡಿಂಗಿಗೆ ಮಾಬುಬಿ ಎಂಬಾಕೆ ಹಾಲು ಕೊಡುತ್ತಿದ್ದಳು. ಆ ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡಲು ಹೆಡ್‌ಮಾಸ್ತರರ ಬಳಿ ಲ್ಯಾಕ್ಟೋಮೀಟರು ಎಂಬ ಗಾಜಿನ ಕೊಳವೆ ಇತ್ತು. ಹಾಲಿನಲ್ಲಿ ಬಿಟ್ಟರೆ ಅದು ತೇಲಿ, ಎಷ್ಟು ಮುಳುಗಿತು ಎಂಬುದರಿಂದ ಗಟ್ಟಿತನ ತೋರಿಸುತ್ತದೆ. ಅದನ್ನು ಸಮುದ್ರದ ನೀರಿನಲ್ಲಿ ಬಿಡೋಣ ಎಂದೆ. ಬಿಟ್ಟೆವು. ಶುದ್ಧ ಹಾಲಿನ ಗೆರೆಗಿಂತ ತುಸು ಕೆಳಗಿನ ಅಂಕಿ ತೋರಿಸಿತು.

ದಿನಕರರಾಯರು ಕನ್ನಡಕ ಏರಿಸಿ ನೋಡಿ, ದಿನದ ರೂಢಿಯಲ್ಲಿ, “ನೀರು ಕೂಡಿಸ್ಯಾರ,” ಎಂದರು.

ಹಾಲು ಅಳೆಯುತ್ತ ನಿಂತಿದ್ದ ಮಾಬುಬಿ ಪಾತ್ರೆ ಕೆಳಗಿಟ್ಟಳು. “ಸಮುದ್ರಕ್ಕ ನೀರು ಕೂಡಿಸಿದಾತಗ ಯಾರೂ ಒಂದ ಮಾತು ಅನ್ನೂದಿಲ್ರಿ. ನಾ ಎರಡು ಎಮ್ಮಿ ಇಟ್ಗೊಂಡಾಕಿ, ದಿನಾ ಬೆಳಿಗ್ಗೆ ನಾನ ಸಿಗ್ತೀನ್ರಿ ನಿಮಗ,” ಎಂದಳು.

ಹೆಡ್‌ಮಾಸ್ತರರು ಆ ವಾರ ಹಾಲನ್ನು ಪರೀಕ್ಷಿಸಲಿಲ್ಲ.

ಬಾವಿಯ ನೀರಿಗೆ ಉಪ್ಪು ಕೂಡಿಸುತ್ತ, ಕೊಳವೆ ಸಮುದ್ರದಲ್ಲಿ ನಿಂತ ಅಂಕಿಗೇ ನಿಲ್ಲುವವರೆಗೆ ನೋಡಬೇಕೆಂದು ಗೊತ್ತಾಯಿತು. ಅದಕ್ಕೆ ಒಂದು ಬುಟ್ಟಿ ಉಪ್ಪು ಬೇಕಾಯಿತು. ತಪ್ಪಾದದ್ದು ಇಲ್ಲಿ. ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಾನು ಸಂತೆಯಿಂದ ಬರುವುದನ್ನು ಊರೆಲ್ಲ ನೋಡಿತು. ಏಕನಾಥ ಕಾರವಾರದಿಂದ ಮೀನು ತರಿಸುತ್ತಾನೆ ಎಂಬುದು ಆಗಲೇ ಗೊತ್ತಿತ್ತು. ಮೀನು ಮತ್ತು ಬುಟ್ಟಿಗಟ್ಟಲೆ ಉಪ್ಪು, ಎರಡನ್ನೂ ಕೂಡಿಸಿ ಲೆಕ್ಕ ಹಾಕಲು ಯಾವ ಬಿ.ಎ. ಕೂಡ ಬೇಕಾಗಿರಲಿಲ್ಲ. ಬ್ರಾಹ್ಮಣರ ಓಣಿಯ ಹುಡುಗ ಒಣಮೀನಿನ ಅಂಗಡಿ ಇಡುತ್ತಾನೆ ಎಂದು ಸಂಜೆಯ ಹೊತ್ತಿಗೆ ಸ್ಥಿರವಾಯಿತು. ಊಟಕ್ಕೆ ಕೂತಾಗ ತಾಯಿ ಅನ್ನ ಬಡಿಸಿ, ಸೌಟು ಹಿಡಿದುಕೊಂಡೇ ನಿಂತರು.

“ಏಕನಾಥಾ, ಎಲ್ಲೆ ಇಡಾಂವ ಇದ್ದಿ ಅಂಗಡೀ? ಓಣ್ಯಾಗ ಬ್ಯಾಡಪಾ. ಪ್ಯಾಟ್ಯಾಗರೆ ಇಡು.”

ನಾನು ಎಷ್ಟು ತಿಳಿಸಿ ಹೇಳಿದರೂ ಅವರು ಹೂಂ ಎನ್ನುತ್ತಲೇ ಹೋದರು. ಆ ಹೂಂ ನಂಬಿದವರದಲ್ಲ. ಸುದ್ದಿ ನಾನು ತಿಳಿಸುವ ಮೊದಲೇ ಗುಡಗೇರಿಯನ್ನೂ ಮುಟ್ಟಿತು. ಬಾಳಕೃಷ್ಣರಾಯರು ಊರಿನವರೊಬ್ಬರ ಕೈಯಲ್ಲಿ ಹೇಳಿ ಕಳಿಸಿದರು: ಹಂಗಾಮಿ ನೌಕರಿಯನ್ನು ಕಾಯಂ ಆಗುವವರೆಗೆ ಸಹಿಸಿಕೊಳ್ಳಬಹುದು, ಆದರೆ ಮೀನಿನ ಸಂಬಂಧ ಇದ್ದವನಿಗೆ ಹೆಣ್ಣು ಕೊಡುವುದು ತಮ್ಮಿಂದ ಆಗದು, ತಾವೇ ಬಂದು ಮಾತು ಮುಗಿಸುತ್ತೇವೆ. ಮೀನು ಬಿಟ್ಟರೆ ನೌಕರಿ ಕಾಯಂ ಆಗುವುದಿಲ್ಲ. ನೌಕರಿ ಕಾಯಂ ಆಗದಿದ್ದರೆ ವತ್ಸಲಾ ಇಲ್ಲ. ಮೀನು ಇದ್ದರೂ ವತ್ಸಲಾ ಇಲ್ಲ. ಇದನ್ನು ಎಷ್ಟು ಕಡೆಯಿಂದ ನೋಡಿದರೂ ಹೀಗೆಯೇ ಕಾಣುತ್ತಿತ್ತು.

ತೊಟ್ಟಿಯನ್ನು ಶಂಕ್ರಪ್ಪ ಮಾಡಿದ. ದೇವರ ಪಟಗಳಿಗೆ ಕಟ್ಟು ಹಾಕುವುದು, ಕಿಟಕಿಗೆ ಗಾಜು ಕೂಡಿಸುವುದು ಅವನ ಕಸುಬು. ಗಾಜು ಎಷ್ಟು ದಪ್ಪ ಇರಬೇಕೆಂದು ಅವನು ಕೇಳಿದ. ದೊಡ್ಡ ಪಟಕ್ಕೆ ಹಾಕುವಷ್ಟು ಎಂದು ಗೌಡರು ಹೇಳಿದರು. ರಸ್ತೆ ಕೆಲಸದವರಿಂದ ಡಾಂಬರು ತಂದು ಕಲ್ಲಿನ ಸಂದು ಮುಚ್ಚಿದ. ಬಲಗಡೆಯ ಫರಸಿಯ ಮೇಲೆ ಲಿಂ. ಹೊಳಬಸಪ್ಪಗೌಡರ ಸ್ಮರಣಾರ್ಥ ಎಂದು ಕೆತ್ತಿಸಿದರು. ವಿಜ್ಞಾನದ ಕೋಣೆಯ ಬಾಗಿಲಿನಲ್ಲಿ ಅದು ಹಿಡಿಸಲಿಲ್ಲವಾದ್ದರಿಂದ, ಹೊರಗಿನ ಪಡಸಾಲೆಯಲ್ಲೇ ನಿಲ್ಲಿಸಿದರು. ನಿಂತಾಗ ಅದು ಶಾಲೆಯ ಎಲ್ಲ ಮಾಸ್ತರರಿಗಿಂತ ಗಂಭೀರವಾಗಿ ಕಾಣುತ್ತಿತ್ತೆಂದು ಒಪ್ಪಬೇಕು.

ಮೀನು ಬರುವ ದಿನ ಬೆಳಿಗ್ಗೆ ನೀರು ತುಂಬಿಸಿ ನೋಡಿದೆವು. ನೀರು ಮೊಣಕಾಲಿನ ಮಟ್ಟಕ್ಕೆ ಏರಿತು, ಸೊಂಟದ ಮಟ್ಟಕ್ಕೆ ಏರಿತು. ಎದೆಯ ಮಟ್ಟಕ್ಕೆ ಬರುವಾಗ ಗಾಜಿನ ಕೆಳಭಾಗ ಊಟ ಮಾಡಿದವರ ಹೊಟ್ಟೆಯಂತೆ ಸ್ವಲ್ಪ ಮುಂದೆ ಬಂದ ಹಾಗೆ ನನಗೆ ಕಂಡಿತು. ಹೇಳಲೋ ಬೇಡವೋ ಎಂದು ವಿಚಾರ ಮಾಡಿದೆ. ಅದು ನೀರಿನೊಳಗಿನ ನೆರಳಿರಬಹುದು ಎಂದು ನಾನೇ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಗಾಜು ಒಡೆದು, ಇಪ್ಪತ್ತಕ್ಕೂ ಹೆಚ್ಚು ಕೊಡ ಸಮುದ್ರ ಪಡಸಾಲೆಯ ತುಂಬ ಹರಿಯಿತು. ದೈವದಿಂದ ಯಾರಿಗೂ ಗಾಯವಾಗಲಿಲ್ಲ. ಹೆಡ್‌ಮಾಸ್ತರರ ಚಪ್ಪಲಿಗಳು ಮೆಟ್ಟಿಲಿಳಿದು ಅಂಗಳದವರೆಗೆ ಹೋಗಿ ನಿಂತವು.

ಗೌಡರು ಒದ್ದೆ ಧೋತರ ಹಿಂಡುತ್ತ ತೊಟ್ಟಿಯ ಸುತ್ತ ಒಂದು ಸುತ್ತು ಬಂದರು. “ತಳಕ್ಕ ನೀರು ಭಾಳ ಹಾಕೀರಿ ನೀವು,” ಎಂದರು.

ಈಗ ಬೇಡವೆಂದು ಕಾರವಾರಕ್ಕೆ ತಂತಿ ಕೊಡೋಣವೆಂದರೆ ಮೀನು ಬೆಳಗಿನ ಬಸ್ಸು ಹತ್ತಿ ಆಗಿತ್ತು. ಗೌಡರು ಶಂಕ್ರಪ್ಪನಿಗೆ, ಹುಬ್ಬಳ್ಳಿಯಿಂದ ಇದಕ್ಕಿಂತ ದಪ್ಪ ಗಾಜು ತಂದು ನಾಡಿದ್ದಿನೊಳಗೆ ಕೂಡಿಸು, ಅಲ್ಲಿಯವರೆಗೆ ಮೀನು ಕ್ಯಾನಿನಲ್ಲೇ ಇರಲಿ ಎಂದರು. ಕ್ಯಾನು ಎಂದರೆ ಬಾಯಿ ಕಿರಿದಾದ ಹಾಲಿನ ಕ್ಯಾನು. ಅದರಲ್ಲಿ ನಾಡಿದ್ದಿನವರೆಗೆ ಅವು ಇರುವುದಿಲ್ಲ ಎಂದು ಪುಸ್ತಕ ಓದಿದ ನನಗೆ ಗೊತ್ತಿತ್ತು.

“ಗೌಡ್ರ, ಅದನ್ನ ಮಲಗಸ್ರಿ,” ಎಂದೆ.

ಎಲ್ಲರೂ ನನ್ನತ್ತ ನೋಡಿದರು. ಗಾಜು ಒಡೆದ ಬದಿ ಮೇಲೆ ಬರುವಂತೆ ತೊಟ್ಟಿಯನ್ನು ಬೆನ್ನ ಮೇಲೆ ಮಲಗಿಸಿ, ಮುಚ್ಚಳದ ಕಲ್ಲನ್ನು ಡಾಂಬರಿನಿಂದ ಕೂಡಿಸಿಬಿಟ್ಟರೆ ಗಾಜೇ ಬೇಕಾಗುವುದಿಲ್ಲ. ಉದ್ದ ಐದು, ಅಗಲ ಎರಡು, ಆಳ ಒಂದೂವರೆ ಫೂಟು ಆಗುತ್ತದೆ. ಪುಸ್ತಕ ಹೇಳುವುದೂ ಅದನ್ನೇ ಎಂದು ಹೇಳಿದೆ.

“ನಮ್ಮಪ್ಪನ್ನ ಮಲಗಸಂತಿ?” ಎಂದರು ಗೌಡರು.

“ತೊಟ್ಟೀನ್ರಿ.”

“ತೊಟ್ಟಿ ಮ್ಯಾಲಿನ ಹೆಸರು ಯಾರದೈತಿ?”

“ಅವರದರಿ. ಅದಕ್ಕ ಹೇಳಾಕತ್ತೇನ್ರಿ. ಮೀನು ಸತ್ರ ಅವರ ಹೆಸರಿನ್ಯಾಗ ಸಾಯ್ತಾವ.”

ಇದನ್ನು ಹೇಳಿದವನು ನಾನೇ ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು. ಗೌಡರು ಕೆತ್ತಿದ ಅಕ್ಷರಗಳನ್ನು ನೋಡಿದರು, ನನ್ನನ್ನು ನೋಡಿದರು.

“ಮಲಗಸ್ರಿ,” ಎಂದರು. “ಆದ್ರ ಏಕನಾಥ, ಮೀನು ಸತ್ತ ದಿನ ನೀ ಮನಿಗೆ ಹೋಗು. ಹೊಳ್ಳಿ ಬರಬ್ಯಾಡ.”

ಹಗ್ಗ ಕಟ್ಟಿ, ಊರಿನ ಗಟ್ಟಿಯಾಳುಗಳು ಸೇರಿ ತೊಟ್ಟಿಯನ್ನು ನಿಧಾನವಾಗಿ ಮಲಗಿಸಿದರು. ಶಂಕ್ರಪ್ಪ ಗಾಜಿನ ಚೂರುಗಳನ್ನು ಆರಿಸಿ, ಅಂಚು ಉಜ್ಜಿ, ಮುಚ್ಚಳವನ್ನು ಒಂದು ತುದಿಗೆ ಅಂಟಿಸಿದ. ಹೆಡ್‌ಮಾಸ್ತರರ ದುಂಡು ಗುಬುಟು ಈಗ ಪಕ್ಕಕ್ಕೆ ಚಾಚಿಕೊಂಡಿತ್ತು. ಬಾವಿಯ ನೀರು, ಉಪ್ಪು, ಲ್ಯಾಕ್ಟೋಮೀಟರು ಎಲ್ಲವೂ ಮತ್ತೊಮ್ಮೆ ಆದವು. ಸಂಜೆಯ ಬಸ್ಸಿನಲ್ಲಿ ಮೀನು ಬಂದವು: ಎರಡು. ಅಂಗೈಯಷ್ಟು ದೊಡ್ಡವು, ಚಪ್ಪಟೆ, ಮೈಮೇಲೆ ಕರಿ ಚುಕ್ಕೆ. ನದಿ ಬಂದು ಸಮುದ್ರ ಸೇರುವಲ್ಲಿ ಬದುಕುವ ಜಾತಿ, ನೀರಿನಲ್ಲಿ ಹೆಚ್ಚುಕಡಿಮೆಯಾದರೂ ತಾಳುತ್ತವೆ ಎಂದು ಅಳಿಯ ಹೇಳಿ ಕಳಿಸಿದ್ದ. ಒಂದು ಮಗೆಯಿಂದ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಕ್ಯಾನಿಗೆ ಹಾಕಿ, ಅವಕ್ಕೆ ರೂಢಿ ಮಾಡಿಸಿ, ಬಿಟ್ಟೆ. ತಳಕ್ಕೆ ಹೋಗಿ ಅಲುಗಾಡದೆ ನಿಂತವು. ಮರುದಿನ ಬೆಳಿಗ್ಗೆ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದವು. ಐದು ಫೂಟು ಉದ್ದ ಅವಕ್ಕೆ ಹಿಡಿಸಿತ್ತು.

ಆ ಬೆಳಿಗ್ಗೆ ಮೊದಲು ಬಂದವಳು ರೇವವ್ವ. ಕೆರೆಯ ನೀರು ಬಳಸಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಬಂದಿದ್ದಳು. ಪಡಸಾಲೆಯಲ್ಲಿ ಆಳುದ್ದದ ಕಲ್ಲಿನ ಪೆಟ್ಟಿಗೆ ಮಲಗಿತ್ತು. ಬದಿಗೆ ಅಕ್ಷರ ಕೆತ್ತಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ; ಯಾರ ಹೆಸರೆಂದು ನನ್ನನ್ನು ಕೇಳಿದಳು. ಲಿಂಗೈಕ್ಯ ಹೊಳಬಸಪ್ಪಗೌಡರದು ಎಂದೆ. ಅವಳು ಅಲ್ಲೇ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ತುರುಬಿನ ಹೂವು ತೆಗೆದು ಕಲ್ಲಿನ ಮೇಲಿಟ್ಟು, ಹಣೆ ಮುಟ್ಟಿಸಿದಳು. ತಲೆ ಎತ್ತುವಾಗ ಒಳಗೆ ಮೀನು ಕಂಡವು.

“ಗೌಡರ ಗದ್ದಿಗ್ಯಾಗ ಜೀವಾ ಆಡಾಕತ್ತಾವಲ್ಲೋ ತಮ್ಮಾ,” ಎಂದಳು ಮೆಲ್ಲಗೆ.

ಇದು ಗದ್ದಿಗೆಯಲ್ಲ, ಇದರೊಳಗೆ ಯಾರನ್ನೂ ಹೂಳಿಲ್ಲ, ಇದು ವಿಜ್ಞಾನ ಎಂದು ನಾನು ಹೇಳುತ್ತಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ ಚಪ್ಪಲಿಗಳು. ಕಾಯಿ ತಂದವರು, ಊದಿನಕಡ್ಡಿ ತಂದವರು, ಮೈ ಹುಷಾರಿಲ್ಲದ ಕೂಸು ತಂದವರು. ಯಮನೂರಿನ ದರ್ಗಾಕ್ಕೆ ಹೊರಟಿದ್ದವರು ಗಾಡಿ ನಿಲ್ಲಿಸಿ ಇಳಿದು, ಸಕ್ಕರೆ ಹಂಚಿ ಹೋದರು. ಅಕ್ಷರಗಳು ಅಡ್ಡ ಮಲಗಿದ್ದರಿಂದ ಓದಬೇಕೆನ್ನುವವರು ಬಾಗಿ ತಲೆ ಓರೆ ಮಾಡಬೇಕಿತ್ತು. ದೂರದಿಂದ ನೋಡಿದರೆ ಅದು ನಮಸ್ಕಾರದಂತೆಯೇ ಇತ್ತು. ಗೌಡರು ಸಿಟ್ಟಿನಿಂದ ಬಂದವರು, ಕಂಬಕ್ಕೆ ಆತು ನಿಂತು ನೋಡುತ್ತ ಉಳಿದರು. ಇಷ್ಟು ಜನ ತಮ್ಮ ತಂದೆಯ ಮುಂದೆ ಬಾಗಿದ್ದನ್ನು ಅವರು ತಂದೆ ಬದುಕಿದ್ದಾಗಲೂ ನೋಡಿರಲಿಲ್ಲ.

ವಿಜ್ಞಾನದ ಕೋಣೆಯ ಉದ್ಘಾಟನೆಗೆ ಧಾರವಾಡದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಚಪ್ಪಲಿಗಳ ಸಾಲು ನೋಡಿ ಅವರೂ ಬೂಟು ಬಿಚ್ಚಿದರು. ಬಾಗಿ ನೋಡಿ, ಮುಂಬಯಿಯಲ್ಲೂ ತಾವು ನೋಡಿದ್ದು ಹೀಗೆಯೇ ಉದ್ದಕ್ಕೆ ಮಲಗಿದ ತೊಟ್ಟಿ, ಈ ಆಕಾರವೇ ಸರಿಯಾದದ್ದು, ಇಲ್ಲಿ ಯಾರು ಗೊತ್ತು ಮಾಡಿದರು ಎಂದು ಕೇಳಿದರು.

“ನಾನ ಹೇಳಿದೆನ್ರಿ, ಮಲಗಸ್ರಿ ಅಂತ,” ಎಂದರು ಗೌಡರು.

ಅದು ಸುಳ್ಳೆಂದು ಹೇಳಲಾರೆ. ಅವರು ಹಾಗೆ ಹೇಳಿದ್ದನ್ನು ನಾನೇ ಕೇಳಿದ್ದೆ.

ನನಗೆ ಬೇರೆ ಚಿಂತೆ ಇತ್ತು. ಕಾಯಿಯ ನೀರು, ಸಕ್ಕರೆ, ವಿಭೂತಿ, ಕುಂಕುಮ ಯಾವುದೂ ತೊಟ್ಟಿಗೆ ಬೀಳಬಾರದು. ಬೆಳಗಿನಿಂದ ಸಂಜೆಯವರೆಗೆ ಎರಡೂ ಕೈ ಅಗಲಿಸಿ ಅಡ್ಡ ನಿಲ್ಲುತ್ತಿದ್ದೆ. ಬಂದವರು ನನ್ನನ್ನು ಪೂಜಾರಿ ಎಂದುಕೊಂಡು ಕಾಯಿಯನ್ನು ನನ್ನ ಕೈಗೇ ಕೊಟ್ಟು ಹೋಗುತ್ತಿದ್ದರು. ಮೀನು ದಿನದಿನಕ್ಕೆ ಚುರುಕಾದವು. ನಾನು ಸೊರಗಿದೆ. ಕೊನೆಗೆ ಸಭೆಯಲ್ಲಿ ಗೌಡರೇ ಮಾತೆತ್ತಿದರು.

“ಏಕನಾಥ ಇಲ್ಲಂದ್ರ ಇವು ಇರಂಗಿಲ್ಲ. ಮೀನು ಇರೂತನಕ ಅವನು ಕಾಯಂ. ಬರಕೋ.”

ಇಂಥ ನಿಯಮ ಎಲ್ಲಿಯಾದರೂ ಇದೆಯೇ ಎಂದು ಹೆಡ್‌ಮಾಸ್ತರರು ಕೇಳಿದರು. ಈಗ ಆಯಿತಲ್ಲ ಎಂದರು ಗೌಡರು. ನಾನು ಬರೆದುಕೊಂಡೆ.

ಮುಂದಿನ ರವಿವಾರ ಬಾಳಕೃಷ್ಣರಾಯರು ಗುಡಗೇರಿಯಿಂದ ಬಂದರು. ಕೊಡೆಯನ್ನು ಬಡಿಗೆಯಂತೆ ಹಿಡಿದುಕೊಂಡು, ಮನೆಗೂ ಹೋಗದೆ ನೆಟ್ಟಗೆ ಶಾಲೆಗೇ ಬಂದಿದ್ದರು. ನಮ್ಮ ತಾಯಿ ಅವರ ಹಿಂದೆ ಓಡುತ್ತ, ಒಣಮೀನು ಅಲ್ಲರಿ, ಹಸೀ ಮೀನು ಎಂದು ಸಮಾಧಾನ ಹೇಳುತ್ತ ಬರುತ್ತಿದ್ದರು. ಅದರಿಂದ ಅವರ ಮುಖ ಇನ್ನಷ್ಟು ಕೆಂಪಾಗಿತ್ತು. ಪಡಸಾಲೆ ಏರಿ, ಸುತ್ತಲಿನ ಜನವನ್ನೂ ಕಾಯಿಗಳ ನಡುವೆ ನಿಂತ ನನ್ನನ್ನೂ ನೋಡಿ, ತಾವು ಎರಡೇ ಮಾತು ಹೇಳಿ ಹೋಗುವುದಾಗಿ ಶುರು ಮಾಡಿದರು. ಮೊದಲನೆಯ ಮಾತು ಅರ್ಧವಾಗುವಷ್ಟರಲ್ಲಿ ನಾನು, ನೌಕರಿ ಕಾಯಂ ಆಯಿತು ಎಂದೆ.

ಅವರು ಕೊಡೆಯನ್ನು ನೆಲಕ್ಕೆ ಊರಿದರು.

“ಠರಾವು ಆತೇನು?”

“ಆತ್ರಿ.”

“ಎಷ್ಟನೇ ವಯಸ್ಸಿನತನಕ?”

“ಮೀನು ಇರೂತನಕರಿ.”

ಸುಳ್ಳು ಹೇಳಲು ನನಗೆ ಬರಲಿಲ್ಲ. ಅವರು ರೇಲ್ವೆಯ ಎಲ್ಲ ನಿಯಮಗಳನ್ನೂ ಮನಸ್ಸಿನಲ್ಲೇ ತಿರುವಿ ಹಾಕುವವರಂತೆ ಬಹಳ ಹೊತ್ತು ನಿಂತರು. ಆಮೇಲೆ ಕೊಡೆಯನ್ನು ಗೋಡೆಗೆ ಆನಿಸಿ, ಚಪ್ಪಲಿ ಬಿಟ್ಟು, ಕನ್ನಡಕವನ್ನು ಉತ್ತರೀಯದಿಂದ ಒರಸಿಕೊಂಡು ತೊಟ್ಟಿಯ ಮೇಲೆ ಬಾಗಿದರು. ಹೆಣ್ಣು ನೋಡಲು ಹೋದಾಗ ನಾವು ಅವರ ಮಗಳನ್ನು ಇಷ್ಟು ಲಕ್ಷ್ಯದಿಂದ ನೋಡಿರಲಿಲ್ಲ.

ಒಂದು ಮೀನು ಸಲೀಸಾಗಿ ಓಡಾಡುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಅಲುಗಾಡದೆ ನಿಂತಿತ್ತು. ರಾಯರು ಅದನ್ನೇ ನೋಡುತ್ತ ಉಳಿದರು. ನಾನೂ ನೋಡಿದೆ. ತಾಯಿಯೂ ಬಾಗಿದರು. ರಾಯರು ಉಂಗುರದ ಬೆರಳಿನಿಂದ ಕಲ್ಲಿನ ಅಂಚನ್ನು ಎರಡು ಸಲ ಬಡಿದರು. ಮೀನು ಸರ್ರನೆ ತಿರುಗಿ, ಐದು ಫೂಟು ಉದ್ದಕ್ಕೂ ಓಡಿ ಹೋಗಿ ಆ ತುದಿ ಮುಟ್ಟಿತು. ಮೂವರೂ ಉಸಿರು ಬಿಟ್ಟೆವು.

“ಎಷ್ಟು ವರ್ಷ ಬದಕ್ತಾವು?” ಎಂದು ಬಾಗಿದಲ್ಲಿಂದಲೇ ಕೇಳಿದರು.

ನೀರು ಕೆಡದಂತೆ ನೋಡಿಕೊಂಡರೆ ಇಪ್ಪತ್ತು ವರ್ಷ ಬದುಕಿದ್ದೂ ಇದೆ ಎಂದು ಪುಸ್ತಕದಲ್ಲಿ ಬರೆದಿದ್ದಾರೆ, ಆದರೆ ಪುಸ್ತಕ ಬರೆದವರು ನಮ್ಮ ಬಾವಿಯ ನೀರು ನೋಡಿಲ್ಲ ಎಂದೆ.

“ಎರಡೂ ಇರಬೇಕೊ, ಒಂದ ಇದ್ರ ನಡೀತದೊ?”

“ಅದನ್ನ ಗೌಡ್ರು ಹೇಳಿಲ್ರಿ.”

ರಾಯರು ನೆಟ್ಟಗಾದರು. ನನ್ನ ಕಡೆ ನೋಡಲಿಲ್ಲ. ಕಣ್ಣು ನೀರಿನ ಮೇಲೆಯೇ ಇತ್ತು.

“ವೈನಿಯವರ,” ಎಂದರು ನಮ್ಮ ತಾಯಿಗೆ, “ಹಂಗಾರ ಎರಡೂ ಇರೂವಾಗನ ಮುಗಿಸಿಬಿಡೂಣು. ಈ ತಿಂಗಳದಾಗ ಮುಹೂರ್ತ ಅದನೇನು ನೋಡ್ರಿ.”